ಹೆಸರು ಕಳೆದುಕೊಂಡ ದನಿಗಳು

2023ರ ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ ಊರಿನಿಂದ ದೊಡ್ಡಪ್ಪ ಫೋನು ಮಾಡಿದ.

"ಮಾಣಿ, ನಿನ್ನಪ್ಪನ ವಿದುರ ಒಂದ್ಸಲ ಕೇಳ್ಬೇಕು ಅನ್ನಿಸ್ತು. ಮೊಬೈಲಿಗೆ ಕಳಿಸ್ತೀಯೇನೋ?"

"ಅದಕ್ಕೇನಂತೆ, ಹತ್ತು ನಿಮಿಷ ತಡಿ" ಎಂದೆ.

ಕಪಾಟಿನ ಮೇಲಿನ ಅರೆಯಲ್ಲಿ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಹಾರ್ಡ್ ಡಿಸ್ಕನ್ನು ತೆಗೆದೆ. ಅಂಗೈಯಗಲದ ಕಪ್ಪು ಪೆಟ್ಟಿಗೆ. ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ನೀಲಿ ದೀಪ ಹತ್ತಿತು. ಆಮೇಲೆ ಒಳಗಿನಿಂದ ಸಣ್ಣ ಸದ್ದು ಶುರುವಾಯಿತು. ಟಿಕ್, ಟಿಕ್, ಟಿಕ್. ಸ್ವಲ್ಪ ಸುಮ್ಮನಾಗಿ ಮತ್ತೆ ಟಿಕ್, ಟಿಕ್. ಹಲ್ಲಿ ಲೊಚಗುಟ್ಟಿದಂತೆ. ಪರದೆಯ ಮೇಲೆ ಏನೂ ಬರಲಿಲ್ಲ. ಹತ್ತು ನಿಮಿಷ ಹೋಗಿ ಒಂದು ಗಂಟೆಯಾಯಿತು. ದೊಡ್ಡಪ್ಪ ಮತ್ತೆ ಫೋನು ಮಾಡಿದಾಗ "ಇಲ್ಲಿ ನೆಟ್ ಸರಿ ಇಲ್ಲ" ಎಂದು ಸುಳ್ಳು ಹೇಳಿದೆ. ಎಂಬತ್ತೊಂದು ವರ್ಷದ ಮನುಷ್ಯನಿಗೆ ನಾನು ಹೇಳಿದ ಆ ಸುಳ್ಳು ಮುಂದೆ ಒಂದು ತಿಂಗಳು ನಡೆಯಿತು.

ಆ ಪೆಟ್ಟಿಗೆಯೊಳಗೆ ಏನಿತ್ತು ಎಂದು ಮೊದಲು ಹೇಳಬೇಕು.

ನಮ್ಮೂರು ಸಾಗರದ ಹತ್ತಿರ. ಮಳೆ ಹಿಡಿದು ಯಕ್ಷಗಾನದ ಮೇಳಗಳು ತಿರುಗಾಟ ನಿಲ್ಲಿಸಿದ ಮೇಲೆ ಅಲ್ಲಿ ತಾಳಮದ್ದಳೆಯ ಕಾಲ. ವೇಷವಿಲ್ಲ, ಕುಣಿತವಿಲ್ಲ. ಯಾರದಾದರೂ ಮನೆಯ ಜಗಲಿಯಲ್ಲಿ ಭಾಗವತರು, ಮದ್ದಳೆ, ಚೆಂಡೆ. ಎದುರುಬದುರು ಕೂತ ಅರ್ಥಧಾರಿಗಳು. ಭಾಗವತರು ಹಾಡುವ ಪದ್ಯ ಪ್ರಸಂಗದ ಪುಸ್ತಕದಲ್ಲಿರುತ್ತದೆ. ಅದಕ್ಕೆ ಹೇಳುವ ಅರ್ಥ ಎಲ್ಲೂ ಬರೆದಿರುವುದಿಲ್ಲ. ಆ ಹೊತ್ತಿಗೆ ಹುಟ್ಟುತ್ತದೆ, ಆ ಹೊತ್ತಿಗೇ ಮುಗಿಯುತ್ತದೆ. ಇವತ್ತು ವಾಲಿ ರಾಮನಿಗೆ ಕೇಳಿದ ಪ್ರಶ್ನೆಯನ್ನು ನಾಳೆಯ ವಾಲಿ ಕೇಳುತ್ತಾನೆಂಬ ಖಾತ್ರಿಯಿಲ್ಲ.

ಎಂಬತ್ತರ ದಶಕದ ಆರಂಭದಲ್ಲಿ ದೊಡ್ಡಪ್ಪ ಅಡಿಕೆ ಮಾರಿದ ದುಡ್ಡಿನಲ್ಲಿ ಒಂದು ಟೇಪ್‌ರೆಕಾರ್ಡರ್ ಕೊಂಡ. ಅಲ್ಲಿಂದ ಸುಮಾರು ಹದಿನೈದು ಮಳೆಗಾಲ ಸುತ್ತಮುತ್ತ ಎಲ್ಲೇ ತಾಳಮದ್ದಳೆಯಾದರೂ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಕೊಡೆಯೊಳಗೆ ಮಗುವಿನಂತೆ ಅವಚಿಕೊಂಡು ಹೋಗುತ್ತಿದ್ದ. ಕರೆಂಟು ನಂಬುವ ಹಾಗಿರಲಿಲ್ಲ, ಹಾಗಾಗಿ ಜೇಬಿನಲ್ಲಿ ಬ್ಯಾಟರಿ ಸೆಲ್ಲುಗಳು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ದೊಡ್ಡವರ ಅರ್ಥ ಕ್ಯಾಸೆಟ್ಟಾಗಿ ಅಂಗಡಿಯಲ್ಲಿ ಸಿಗುತ್ತಿತ್ತು, ಈಗ ಯೂಟ್ಯೂಬಿನಲ್ಲೂ ಇದೆ. ದೊಡ್ಡಪ್ಪ ಹಿಡಿದಿಟ್ಟಿದ್ದು ನಮ್ಮೂರ ಅಂಚೆಮಾಸ್ತರ ಕರ್ಣನನ್ನು, ಸೊಸೈಟಿ ಗುಮಾಸ್ತರ ಭೀಷ್ಮನನ್ನು, ಹಗಲಿಡೀ ಅಡಿಕೆ ಕೊನೆ ಕೊಯ್ದು ರಾತ್ರಿ ಸುಧನ್ವನಾಗುತ್ತಿದ್ದ ಒಬ್ಬಾತನನ್ನು. ಇವರ ದನಿ ಬೇರೆಲ್ಲೂ ಇರಲಿಲ್ಲ.

ಅದರಲ್ಲೊಂದು ಕ್ಯಾಸೆಟ್ಟಿನಲ್ಲಿ ಅಪ್ಪ ಇದ್ದ. ಅಪ್ಪ ಅರ್ಥಧಾರಿಯಲ್ಲ, ಚಾ ಹಂಚುವ ಬಳಗ. 1987ರ ಒಂದು ರಾತ್ರಿ ಕೃಷ್ಣ ಸಂಧಾನಕ್ಕೆ ವಿದುರನಾಗಬೇಕಿದ್ದವರು ಹೊಳೆ ತುಂಬಿ ಬರಲಾಗಲಿಲ್ಲ. ಅಪ್ಪನನ್ನು ಎಳೆದು ಕೂರಿಸಿದರು. ಹನ್ನೊಂದು ನಿಮಿಷ ಮಾತಾಡಿದ. ಕೃಷ್ಣ ವಿದುರನ ಮನೆಗೆ ಬರುವ ಜಾಗ. ಪರಮಾತ್ಮನೇ ಬಾಗಿಲಿಗೆ ಬಂದಾಗ ಭಕ್ತ ಗದ್ಗದನಾಗಬೇಕು. ಅಪ್ಪನಿಗೆ ಮಾತು ಹೊಳೆಯಲಿಲ್ಲ. ಸ್ವಲ್ಪ ತಡೆದು, "ಆಸರಿಗೆ ಎಂತ ಬೇಕು?" ಎಂದುಬಿಟ್ಟ. ಬಾಯಾರಿಕೆಗೆ ಏನು ಕೊಡಲಿ ಎಂದು ನಮ್ಮ ಕಡೆ ಮನೆಗೆ ಬಂದವರನ್ನೆಲ್ಲ ಕೇಳುವ ಮಾತು ಅದು. ಜಗಲಿಯಿಡೀ ನಕ್ಕಿತು. ಭಾಗವತರೂ ನಕ್ಕು ತಾಳ ತಪ್ಪಿದರು. ಅಪ್ಪ ಮತ್ತೆಂದೂ ಅರ್ಥಕ್ಕೆ ಕೂರಲಿಲ್ಲ. 2009ರಲ್ಲಿ ತೀರಿಕೊಂಡ. ಅವನ ದನಿ ನಮ್ಮ ಬಳಿ ಉಳಿದಿದ್ದು ಆ ಹನ್ನೊಂದು ನಿಮಿಷ ಮಾತ್ರ.

ಮಲೆನಾಡಿನ ಅಟ್ಟದಲ್ಲಿ ಕ್ಯಾಸೆಟ್ಟು ಬಾಳುವುದಿಲ್ಲ. ರೀಲಿನ ಅಂಚಿಗೆ ಬಿಳಿ ಬೂಷ್ಟು ಹಿಡಿಯತೊಡಗಿತ್ತು. 2012ರಲ್ಲಿ ನಾನು ಎರಡು ರಜೆ ಊರಲ್ಲೇ ಕೂತು ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿದೆ. 112 ಕ್ಯಾಸೆಟ್ಟು, ಒಂದೊಂದೂ 90 ನಿಮಿಷದ್ದು. ಕ್ಯಾಸೆಟ್ಟನ್ನು ಇಳಿಸಲು ಅಡ್ಡದಾರಿಯಿಲ್ಲ. ಅದು ಎಷ್ಟು ಹೊತ್ತು ಓಡುತ್ತದೋ ಅಷ್ಟು ಹೊತ್ತು ಕಾಯಬೇಕು. ಲೆಕ್ಕ ಹಾಕಿದರೆ 168 ಗಂಟೆ, ಸರಿಯಾಗಿ ಏಳು ಹಗಲು ಏಳು ರಾತ್ರಿ. ಒಂದು ಬದಿಗೆ ಒಂದರಂತೆ 224 ಫೈಲು. ಕ್ಯಾಸೆಟ್ಟಿನ ಚೀಟಿಯಲ್ಲಿ ದೊಡ್ಡಪ್ಪ ಗುಂಡಗೆ ಬರೆದಿಟ್ಟಿದ್ದ ಪ್ರಸಂಗ, ಊರು, ತಾರೀಖು, ಯಾರು ಯಾವ ಪಾತ್ರ ಎಂಬುದನ್ನೆಲ್ಲ ಆಯಾ ಫೈಲಿಗೆ ಹೆಸರಾಗಿ ಕೊಟ್ಟೆ. ನಿಮಿಷಕ್ಕೆ 10 ಎಂಬಿಯಂತೆ ಒಟ್ಟು ನೂರು ಜಿಬಿಯಾಯಿತು. ಎಲ್ಲವನ್ನೂ ಹೊಸ ಡಿಸ್ಕಿಗೆ ಹಾಕಿ ದೊಡ್ಡಪ್ಪನ ಅಂಗೈಯಲ್ಲಿಟ್ಟು "ಇದರೊಳಗೆ ಎಲ್ಲ ಇದೆ. ಇನ್ನು ಅಟ್ಟ ಖಾಲಿ ಮಾಡಬಹುದು" ಎಂದೆ. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಅಂಚೆಮಾಸ್ತರು ಇಷ್ಟರೊಳಗೆ ಹಿಡಿಸಿದರನಾ?" ಎಂದ. ಮರುವರ್ಷ ಮನೆಗೆ ಹೆಂಚು ಬದಲಿಸುವಾಗ ಕ್ಯಾಸೆಟ್ಟುಗಳೆಲ್ಲ ಎರಡು ಗೋಣಿಚೀಲದಲ್ಲಿ ಗುಜರಿಯವನ ಜೊತೆ ಹೋದವು. ಚೀಟಿಗಳೂ ಹೋದವು.

ಇನ್ನೊಂದು ಡಿಸ್ಕು ಕೊಂಡು ಮತ್ತೊಂದು ಪ್ರತಿ ಇಡಬೇಕೆಂದು ಆಗಲೇ ಗೊತ್ತಿತ್ತು. 2011ರಲ್ಲಿ ಥಾಯ್ಲೆಂಡಿನಲ್ಲಿ ನೆರೆ ಬಂದು ಹಾರ್ಡ್ ಡಿಸ್ಕ್ ಕಾರ್ಖಾನೆಗಳು ಮುಳುಗಿದ್ದವು, ಲೋಕದಲ್ಲೆಲ್ಲ ಡಿಸ್ಕಿನ ಬೆಲೆ ಏರಿತ್ತು. ಬೆಲೆ ಇಳಿಯಲಿ ಎಂದುಕೊಂಡೆ. ಬೆಲೆ ಇಳಿಯಿತು. ನಾನು ಮರೆತೆ.

ಈಗ ಟಿಕ್ ಟಿಕ್.

ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಎಂದರೆ ಬಂದವರೆಲ್ಲ ಒಂದೊಂದು ಮದ್ದು ಹೇಳುವ ಹಾಗೆ, ಡಿಸ್ಕು ಕೆಟ್ಟಿದೆ ಎಂದ ಕೂಡಲೇ ಮದ್ದುಗಳು ಬಂದವು. ಆಫೀಸಿನ ಗೆಳೆಯ "ಮೆಲ್ಲಗೆ ಬದಿಗೆ ತಟ್ಟು" ಎಂದ. ಭಾವ "ಕವರಿನಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರಿನಲ್ಲಿಡು, ಖಂಡಿತ ಏಳ್ತದೆ" ಎಂದ. ನಾನು ನಿಜಕ್ಕೂ ಐಸ್‌ಕ್ರೀಂ ಡಬ್ಬಿ ಸರಿಸಿ ಜಾಗ ಮಾಡಿದ್ದೆ. ಹೊರಗೆ ಜಡಿಮಳೆ. ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿಯ ಮೈಮೇಲೆ ಹನಿ ಕಟ್ಟಿದ್ದು ಕಣ್ಣಿಗೆ ಬಿತ್ತು. ಡಿಸ್ಕಿನ ತಟ್ಟೆಯ ಮೇಲೂ ಹೀಗೇ ಹನಿ ಕಟ್ಟಿದರೆ ಎಂದು ಹೊಳೆದು ಡಬ್ಬಿಯನ್ನು ಮತ್ತೆ ಅದರ ಜಾಗಕ್ಕೆ ತಳ್ಳಿದೆ.

ಸಮಾಧಾನ ಮಾಡಿಕೊಂಡು ಸುಲಭದ್ದರಿಂದ ಶುರುಮಾಡಿದೆ. ಇಂಥ ಸಣ್ಣ ಡಿಸ್ಕಿಗೆ ಬೇರೆ ಕರೆಂಟಿನ ತಂತಿಯಿಲ್ಲ. ಯುಎಸ್‌ಬಿ ತೂತಿನಿಂದಲೇ ಅದು ಉಣ್ಣಬೇಕು. ಹಳೆಯ ಯುಎಸ್‌ಬಿ 2.0 ತೂತು ಕೊಡುವುದು 500 ಮಿಲಿ ಆಂಪಿಯರ್, 3.0 ಆದರೆ 900. ಡಿಸ್ಕಿನೊಳಗಿನ ತಟ್ಟೆ ನಿಂತಲ್ಲಿಂದ ತಿರುಗಲು ಹೊರಡುವಾಗಲೇ ಹೆಚ್ಚು ಶಕ್ತಿ ಬೇಕು, ಗಾಡಿ ಎತ್ತಿಗೆ ಮೊದಲ ಎಳೆತವೇ ಕಷ್ಟವಾಗುವ ಹಾಗೆ. ತಂತಿ ಹಳತಾಗಿ, ಸಿಕ್ಕಿಸುವಲ್ಲಿ ಸಡಿಲವಾದರೆ ಆ ಎಳೆತಕ್ಕೆ ಬಲ ಸಾಲದೆ ತಟ್ಟೆ ಮತ್ತೆ ಮತ್ತೆ ಹೊರಟು ನಿಲ್ಲುತ್ತದೆ. ಆ ಸದ್ದೂ ಟಿಕ್ ಟಿಕ್ ಎಂದೇ ಇರಬಹುದು. ಹಾಗಾಗಿ ಡಿಸ್ಕು ಸತ್ತಿತೆಂದು ಅಳುವ ಮೊದಲು ತಂತಿ ಬದಲಿಸಿ ನೋಡಬೇಕು.

ಹೊಸ ಗಿಡ್ಡ ತಂತಿ ತಂದು ಬೇರೆ ತೂತಿಗೆ ಹಾಕಿದೆ. ಟಿಕ್ ಟಿಕ್ ನಿಂತು ತಟ್ಟೆ ಸುಂಯ್ ಎಂದು ತಿರುಗಿತು! ಕುರ್ಚಿಯಿಂದ ಎದ್ದೇಬಿಟ್ಟೆ. ಪರದೆಯ ಮೇಲೆ ಒಂದು ಚೌಕ ಮೂಡಿತು. ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಅದು ಬಹಳ ವಿನಯದಿಂದ ಕೇಳುತ್ತಿತ್ತು. ಹೌದು ಎನ್ನುವ ಗುಂಡಿ ಮೊದಲೇ ಹೊಳೆಯುತ್ತಿತ್ತು. ಕಂಪ್ಯೂಟರು ಕೇಳಿದ್ದಕ್ಕೆಲ್ಲ ಓದದೆ ಹೌದು ಎಂದು ಒತ್ತಿ ರೂಢಿಯಾದ ಬೆರಳು ಅರ್ಧ ದಾರಿ ಹೋಗಿತ್ತು. ಫಾರ್ಮ್ಯಾಟ್ ಎಂದರೆ ಇದ್ದದ್ದನ್ನು ಮರೆತು ಹೊಸ ಪುಸ್ತಕ ತೆರೆಯುವುದು. ತಂತಿ ಎಳೆದು ಕೈ ಹಿಂದೆ ತೆಗೆದುಕೊಂಡೆ. ಅಷ್ಟು ಮಾಡಿ ನಿಲ್ಲಿಸಿದ್ದರೆ ಜಾಣ. ಈ ಸಲ ಸರಿಹೋಗಬಹುದು ಎಂದು ಮತ್ತೆ ಹಾಕಿದೆ, ತೆಗೆದೆ, ಹಾಕಿದೆ. ಆ ರಾತ್ರಿ ಇಪ್ಪತ್ತು ಸಲವಾದರೂ ಆಗಿರಬೇಕು. ಕೊನೆಕೊನೆಗೆ ಸುಂಯ್ ನಡುವೆಯೇ ಮತ್ತೆ ಟಿಕ್ ಕೇಳಿಸತೊಡಗಿತು.

ಮರುದಿನ ಎಸ್.ಪಿ. ರೋಡಿಗೆ ಹೋದೆ. ಬೆಂಗಳೂರಿನ ಸದರ ಪತ್ರಪ್ಪ ರಸ್ತೆ ಕಂಪ್ಯೂಟರುಗಳ ಸಂತೆ. ಕೆಳಗೆ ಕೀಬೋರ್ಡು, ತಂತಿ, ಮದರ್‌ಬೋರ್ಡುಗಳನ್ನು ತರಕಾರಿಯಂತೆ ಜೋಡಿಸಿಟ್ಟ ಅಂಗಡಿಗಳು. ಕಡಿದಾದ ಮೆಟ್ಟಿಲು ಹತ್ತಿದರೆ ಮೇಲೆ ರಿಪೇರಿಯವರು. ಅಂಥ ಒಂದು ಕೋಣೆಯಲ್ಲಿ ಮೂವತ್ತು ದಾಟದ ಹುಡುಗನೊಬ್ಬ ನನ್ನ ಡಿಸ್ಕನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ಕೇಳಿದ. ನಾಡಿ ಹಿಡಿದ ಪಂಡಿತರ ಮುಂದೆ ಕೂತಂತೆ ನಾನು ಕೂತಿದ್ದೆ.

"ಕಾಪಿ ಇಲ್ವಾ ಸಾರ್?"

"ಇಲ್ಲ."

"ಎಲ್ರೂ ಇದನ್ನೇ ಹೇಳ್ತಾರೆ. ಫಾರ್ಮ್ಯಾಟ್ ಮಾಡಿಲ್ಲ ತಾನೆ?"

"ಮಾಡಿಲ್ಲ."

"ಚೆಕ್ ಡಿಸ್ಕ್ ಓಡಿಸಿದ್ರಾ?"

"ಅದೂ ಇಲ್ಲ."

"ಒಳ್ಳೇದು. ಎಷ್ಟು ಸಲ ಹಾಕಿ ತೆಗೆದ್ರಿ?"

ನಾನು ಮಾತಾಡಲಿಲ್ಲ. ಅವನಿಗೆ ಅರ್ಥವಾಯಿತು.

ಅವನು ಬಿಡಿಸಿ ಹೇಳಿದ. ಒಳಗಿನ ತಟ್ಟೆ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಅದರ ಮೇಲೆ ಓದುವ ಮುಳ್ಳು ತಟ್ಟೆಗೆ ತಾಗದೆ, ಕೂದಲೆಳೆಯ ಸಾವಿರಾರು ಪಾಲಿನಲ್ಲಿ ಒಂದು ಪಾಲಿನಷ್ಟು ಮೇಲೆ ತೇಲುತ್ತಿರುತ್ತದೆ. ತಾನೆಲ್ಲಿದ್ದೇನೆಂದು ತಿಳಿಯಲು ಅದು ತಟ್ಟೆಯ ಮೇಲಿನ ಗುರುತುಗಳನ್ನು ಹುಡುಕುತ್ತದೆ. ಸಿಗದಿದ್ದರೆ ಮೂಲೆಗೆ ವಾಪಸು ಬಂದು ಮತ್ತೆ ಹೊರಡುತ್ತದೆ. ಹಾಗೆ ಬಂದು ಹೋಗುವ ಸದ್ದೇ ಟಿಕ್ ಟಿಕ್. "ನಿಮ್ಮದು ಪೂರ್ತಿ ಸತ್ತಿಲ್ಲ ಸಾರ್, ಸುಸ್ತಾಗಿದೆ. ಸುಸ್ತಾದವರ ಹತ್ರ ಕೆಲಸ ಮಾಡಿಸಬಾರದು" ಎಂದ. ಕೆಟ್ಟ ಡಿಸ್ಕನ್ನು ಅಲ್ಲೇ ರಿಪೇರಿ ಮಾಡಲು ಹೋದರೆ ಉಳಿದಿದ್ದೂ ಹಾಳು. ಮೊದಲು ಸಲೀಸಾಗಿ ಓದಲು ಬರುವ ಜಾಗವನ್ನೆಲ್ಲ ಇನ್ನೊಂದು ಗಟ್ಟಿ ಡಿಸ್ಕಿಗೆ ಪಡಿಯಚ್ಚು ತೆಗೆಯಬೇಕು. ತಡೆದಲ್ಲಿ ಹಟ ಹಿಡಿಯದೆ ಗುರುತು ಹಾಕಿಕೊಂಡು ಮುಂದೆ ಹೋಗಬೇಕು. ಕಷ್ಟದ ಜಾಗಕ್ಕೆ ಕೊನೆಯಲ್ಲಿ, ಸ್ವಲ್ಪ ಸ್ವಲ್ಪವೇ ಹೋಗಬೇಕು. ಆಮೇಲಿನ ಹುಡುಕಾಟವೆಲ್ಲ ಪಡಿಯಚ್ಚಿನಲ್ಲಿ. ಮೂಲವನ್ನು ಮುಟ್ಟಬಾರದು. ಹಳೆಯ ಓಲೆಗರಿ ಓದುವವರೂ ಹೀಗೇ ಮಾಡುತ್ತಾರಲ್ಲ ಎನ್ನಿಸಿತು.

ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನ ನನಗೆ ಅತ್ತಿಮಬ್ಬೆಯದೇ ನೆನಪು. ಹತ್ತನೆಯ ಶತಮಾನದಲ್ಲಿ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳು ಎಂದು ಶಾಲೆಯಲ್ಲಿ ಓದಿ, ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದಿದ್ದೆ. ದಾನಚಿಂತಾಮಣಿ ಎಂದು ಅವಳನ್ನು ಕರೆದದ್ದು ಬರೀ ಹೊಗಳಿಕೆ ಎಂದುಕೊಂಡಿದ್ದೆ. ಓಲೆ ಗೆದ್ದಲಿಗೆ ಸಿಗುತ್ತದೆ, ಬೆಂಕಿಗೆ ಸಿಗುತ್ತದೆ. ಸಾವಿರ ಮನೆಯ ಓಲೆಗೆ ಒಂದೇ ದಿನ ಬೆಂಕಿ ಬೀಳುವುದಿಲ್ಲ. ಅವಳಿಗೆ ಸಾವಿರ ವರ್ಷದ ಹಿಂದೆ ಗೊತ್ತಿದ್ದದ್ದು ನನಗೆ ಡಿಸ್ಕು ಟಿಕ್ ಎಂದ ಮೇಲೆ ಗೊತ್ತಾಯಿತು. ಒಂದೇ ಪ್ರತಿಯಿದ್ದರೆ ಅದು ಇದೆ ಎಂದಲ್ಲ, ಇನ್ನೂ ಹೋಗಿಲ್ಲ ಎಂದಷ್ಟೇ ಅರ್ಥ.

ಐದನೆಯ ದಿನ ಹುಡುಗ ಫೋನು ಮಾಡಿದ. "ಬಂತು ಸಾರ್. ಆದ್ರೆ ಒಂದು ಸಮಸ್ಯೆ."

ಫೈಲಿನ ಹೆಸರು ಒಂದು ಕಡೆ ಇರುತ್ತದೆ, ಫೈಲು ಇನ್ನೊಂದು ಕಡೆ. ಪುಸ್ತಕದ ಮುಂದಿನ ಪರಿವಿಡಿ, ಹಿಂದಿನ ಅಧ್ಯಾಯಗಳ ಹಾಗೆ. ನನ್ನ ಡಿಸ್ಕಿನಲ್ಲಿ ಕೆಟ್ಟಿದ್ದ ಜಾಗದಲ್ಲೇ ಪರಿವಿಡಿಯೂ ಇತ್ತು. ಹಾಗಾಗಿ ಅವನು ಪಡಿಯಚ್ಚನ್ನು ಉದ್ದಕ್ಕೂ ಜಾಲಾಡಿ, ಧ್ವನಿಯ ಫೈಲೊಂದು ಶುರುವಾಗುವ ಲಕ್ಷಣ ಕಂಡಲ್ಲಿಂದ ಕತ್ತರಿಸಿ ತೆಗೆದಿದ್ದ. 209 ಪೂರ್ತಿ ಬಂದಿದ್ದವು. ಒಂಬತ್ತರಲ್ಲಿ ನಡುನಡುವೆ ತೂತು. ಆರು ಸಿಗಲೇ ಇಲ್ಲ. ಸಿಕ್ಕಿದ್ದರಲ್ಲಿ ಯಾವುದಕ್ಕೂ ಹೆಸರಿಲ್ಲ. ದೊಡ್ಡಪ್ಪ ಚೀಟಿಯಲ್ಲಿ ಬರೆದ, ನಾನು ಎರಡು ರಜೆ ಕೂತು ಒತ್ತಿದ ಊರು, ತಾರೀಖು, ಪಾತ್ರ ಎಲ್ಲ ಹೋಗಿ, ಜೈಲಿನ ಕೈದಿಗಳಂತೆ ಎಲ್ಲಕ್ಕೂ ಏಳಂಕಿಯ ನಂಬರು.

ಒಂದನ್ನು ಒತ್ತಿದೆ. ಹೆಂಚಿನ ಮೇಲೆ ಮಳೆ ಸುರಿಯುವ ಸದ್ದು. ಆಮೇಲೆ ಯಾರೋ ಒಬ್ಬ ಕರ್ಣ ಕೃಷ್ಣನೊಡನೆ ಮಾತಾಡತೊಡಗಿದ. ಅದ್ಭುತವಾಗಿ ಮಾತಾಡುತ್ತಿದ್ದ. ಅವನು ಯಾರೆಂದು ನನಗೆ ಗೊತ್ತಾಗಲಿಲ್ಲ.

ಎರಡು ಹೊಸ ಡಿಸ್ಕು, ಒಂದು ನೋಟುಬುಕ್ಕು ತೆಗೆದುಕೊಂಡು ಶುಕ್ರವಾರ ರಾತ್ರಿ ಬಸ್ಸು ಹತ್ತಿದೆ. ಬೆಳಿಗ್ಗೆ ಜಗಲಿಯಲ್ಲಿ ಕವಳದ ಬಟ್ಟಲು ಮುಂದಿಟ್ಟುಕೊಂಡು ಕೂತಿದ್ದ ದೊಡ್ಡಪ್ಪನಿಗೆ ಎಲ್ಲ ಹೇಳಿದೆ. ನೆಟ್ ಸರಿಯಿರಲಿಲ್ಲ ಎಂದದ್ದು ಸುಳ್ಳು ಎಂಬುದನ್ನೂ ಹೇಳಿದೆ. ಅವನು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

"ಗುಜರಿಯವಂಗೆ ಚೀಲ ಹೊರಿಸಿದ್ದು ನಾನೇ ಅಲ್ವನಾ" ಎಂದ. ಸ್ವಲ್ಪ ಹೊತ್ತಿನ ಮೇಲೆ, "ಹಾಕು, ಕೇಳುವ" ಎಂದ.

ಅವತ್ತು ಶುರುವಾದ ಕೆಲಸ ತಿಂಗಳಿಗೆರಡು ಸಲ ನಾನು ಊರಿಗೆ ಹೋಗುತ್ತ ಆ ಬೇಸಿಗೆಯವರೆಗೆ ನಡೆಯಿತು. ನಾನು ಫೈಲು ಒತ್ತುವುದು, ದೊಡ್ಡಪ್ಪ ಕಣ್ಣು ಮುಚ್ಚಿ ಕೇಳುವುದು, ಎಸ್.ಪಿ. ರೋಡಿನ ಹುಡುಗ ಡಿಸ್ಕನ್ನು ಕೇಳಿದ ಹಾಗೇ. ಮಾತು ಶುರುವಾಗುವ ಮೊದಲೇ ಕೆಲವು ಸಲ ಹೇಳಿಬಿಡುತ್ತಿದ್ದ. "ಈ ಮದ್ದಳೆ ಇದ್ದದ್ದು ಒಂದೇ ವರ್ಷ, ಆಮೇಲೆ ಅವ ಘಟ್ಟದ ಕೆಳಗೆ ಹೋದ." "ಈ ಕೆಮ್ಮು ಅಂಚೆಮಾಸ್ತರದ್ದು. ಮುಂದೆ ಕರ್ಣ ಬರ್ತಾನೆ ನೋಡು." "ಮಳೆ ಇಷ್ಟು ಜೋರಾಗಿ ಕೇಳ್ತದೆ ಅಂದ್ರೆ ಇದು ತಗಡಿನ ಮನೆ, ಮೇಲಿನಕೇರಿ." ನಾನು ಚೀಟಿ ನೋಡಿ ಒತ್ತಿದ ಹೆಸರಿನಲ್ಲಿ ಇದ್ಯಾವುದೂ ಇರಲಿಲ್ಲ. ಯಾರಿಗೆ ಯಾರ ಮೇಲೆ ಮುನಿಸಿತ್ತು, ಆ ಮುನಿಸು ಭೀಷ್ಮ ಪರಶುರಾಮರ ಮಾತಿನಲ್ಲಿ ಹೇಗೆ ಹೊರಬಂತು, ಯಾರು ಅವತ್ತು ಮಗಳ ಮದುವೆ ಮುರಿದ ಸುದ್ದಿ ಕೇಳಿಕೊಂಡೇ ಬಂದು ಹಾಸ್ಯ ಮಾಡಿದ, ಎಲ್ಲ ನೋಟುಬುಕ್ಕಿಗೆ ಬಂತು. ನೂರು ಜಿಬಿಯ ಪರಿವಿಡಿ ಇಷ್ಟು ವರ್ಷ ಆ ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತ ಕೂತಿತ್ತು. ಅದಕ್ಕೂ ಎರಡನೆಯ ಪ್ರತಿಯಿರಲಿಲ್ಲ.

ಎಲ್ಲವೂ ಸಿಕ್ಕಿತು ಎನ್ನಲಾರೆ. ಮೂರು ದನಿಗಳು ದೊಡ್ಡಪ್ಪನಿಗೂ ಗೊತ್ತಾಗಲಿಲ್ಲ. "ಇವ... ಇರು, ಬಾಯಲ್ಲೇ ಇದೆ" ಎಂದು ಎರಡು ಮೂರು ಸಲ ಹಾಕಿಸಿ ಕೇಳಿ, ಕೊನೆಗೆ ಕೈಚೆಲ್ಲಿ ಒಳಗೆ ಹೋಗುತ್ತಿದ್ದ. ಹಾಗೆ ಹೋದ ದಿನ ಅವನು ಮತ್ತೆ ಹೆಚ್ಚು ಮಾತಾಡುತ್ತಿರಲಿಲ್ಲ. ಐದು ವರ್ಷ ಮೊದಲು ಕೇಳಿದ್ದರೆ ಹೇಳುತ್ತಿದ್ದನೋ ಏನೋ. ಆಗ ನಾನು ಎಲ್ಲ ಡಿಸ್ಕಿನಲ್ಲಿದೆ ಎಂದು ನಿಶ್ಚಿಂತೆಯಿಂದಿದ್ದೆ. ನೋಟುಬುಕ್ಕಿನಲ್ಲಿ ಆ ಮೂರರ ಎದುರು "ಗೊತ್ತಾಗಲಿಲ್ಲ" ಎಂದು ಬರೆದೆ.

ಅಪ್ಪನ ವಿದುರ ಸಿಕ್ಕಿದ್ದು ನವೆಂಬರಿನಲ್ಲಿ. ತೂತುಬಿದ್ದ ಒಂಬತ್ತರಲ್ಲಿ ಅದೂ ಒಂದು. ಓದಲಾಗದ ಜಾಗದಲ್ಲಿ ಪಡಿಯಚ್ಚು ಸೊನ್ನೆ ತುಂಬಿರುತ್ತದೆ. ಅಲ್ಲಿ ಕೇಳಿದರೆ ಬರೀ ಮೌನ. ಮಳೆಯೂ ಇಲ್ಲ, ಜೀರುಂಡೆಯೂ ಇಲ್ಲ. ಭಾಗವತರು ಪದ್ಯ ಮುಗಿಸಿದರು. ಕೃಷ್ಣ ಬಾಗಿಲಿಗೆ ಬಂದು "ವಿದುರಾ" ಎಂದು ಕರೆದ. ಅಪ್ಪ ಗಂಟಲು ಸರಿಮಾಡಿಕೊಂಡ. ಅದು ಅಪ್ಪನದೇ, ನನಗೂ ಗೊತ್ತಾಯಿತು. ಅಷ್ಟರಲ್ಲಿ ದನಿ ಪಟ್ಟನೆ ಕಡಿಯಿತು. ನಾಲ್ಕು ಸೆಕೆಂಡು ಏನೂ ಇಲ್ಲ. ನಾನು ಪರದೆ ನೋಡುತ್ತ ಕೂತೆ.

"ಆಸರಿಗೆ ಎಂತ ಬೇಕು?" ಎಂದ ದೊಡ್ಡಪ್ಪ. ಕಣ್ಣು ಮುಚ್ಚಿಕೊಂಡೇ, ಮೆಲ್ಲಗೆ, ತಮ್ಮನ ಹಾಗೇ ಸ್ವಲ್ಪ ತಡೆದು.

ಅದೇ ಹೊತ್ತಿಗೆ ಡಿಸ್ಕಿನೊಳಗಿಂದ ಮೂವತ್ತಾರು ವರ್ಷ ಹಿಂದಿನ ಜಗಲಿಯಿಡೀ ನಕ್ಕಿತು. ಒಳಗಿನಿಂದ ದೊಡ್ಡಮ್ಮ ಯಾರು ಬಂದರು ಎಂದು ಕೇಳಿಕೊಂಡು ಹೊರಗೆ ಬಂದಳು.

ಈಗ ಒಂದು ಡಿಸ್ಕು ನನ್ನ ಬಳಿ, ಒಂದು ಮೈಸೂರಿನಲ್ಲಿ ಅಕ್ಕನ ಮನೆಯಲ್ಲಿ. ಇನ್ನೊಂದು ಪ್ರತಿ ಇಂಟರ್ನೆಟ್ಟಿನಲ್ಲಿ. ವರ್ಷಕ್ಕೆರಡು ಸಲ ಡಿಸ್ಕು ತೆರೆದು, ಫೈಲುಗಳು ಓಡುತ್ತವೆಯೇ ನೋಡುತ್ತೇನೆ. ಇಟ್ಟ ಮೇಲೆ ನೋಡದಿದ್ದರೆ ಇಟ್ಟಂತಲ್ಲ. ನೋಟುಬುಕ್ಕನ್ನು ಜೆರಾಕ್ಸ್ ಮಾಡಿಸಿ, ತಾಳಮದ್ದಳೆಗೆ ಕೂರುವ ಊರಿನ ನಾಲ್ಕು ಹುಡುಗರಿಗೆ ಕೊಟ್ಟಿದ್ದೇನೆ. ಸಾವಿರ ಪ್ರತಿ ಮಾಡಿಸುವ ಶಕ್ತಿ ನನಗಿಲ್ಲ.

ಕಳೆದ ವಾರ ಬೆಳಿಗ್ಗೆ ಐದೂವರೆಗೆ ಫೋನು ಬಂತು. ಆ ಹೊತ್ತಿನ ಫೋನಿಗೆ ಎದೆ ಹೊಡೆದುಕೊಳ್ಳುತ್ತದೆ. ಹಲೋ ಎನ್ನುವ ಮೊದಲೇ ದೊಡ್ಡಪ್ಪ ಒಂದು ಹೆಸರು ಹೇಳಿದ. "ಆ ಶರಸೇತು ಬಂಧನದ ಹನುಮಂತ ಮಾಣಿ, ಈಗ ನೆನಪಾತು. ಬರ್ಕೋ, ಮತ್ತೆ ಮರೀತೇನೆ."

ದೀಪ ಹಾಕಿ ನೋಟುಬುಕ್ಕು ತೆಗೆದೆ. "ಗೊತ್ತಾಗಲಿಲ್ಲ" ಎಂಬುದನ್ನು ಹೊಡೆದುಹಾಕಿ ಹೆಸರು ಬರೆದೆ. ಇನ್ನೆರಡು ಉಳಿದಿವೆ.